ಯಾವ ಕೆರೇದು ಕೊರಮೀನು?

ಮಳೆಗಾಲ ಬಂತು ಅಂದ್ರೆ ನಮ್ಮ ಕಡೆ ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಪ್ಲಾಸ್ಟಿಕ್ ಟಬ್ಬು ಇಟ್ಕೊಂಡು ಮೀನು ಮಾರೋರು ಕೂತಿರ್ತಾರೆ. ಕಾಟ್ಲಾ, ರೋಹು, ಜಿಲೇಬಿ ಎಲ್ಲ ಗೋಣಿಚೀಲದ ಮೇಲೆ ಸತ್ತು ಬಿದ್ದಿರ್ತಾವೆ. ಟಬ್ಬೊಳಗೆ ಒಂದು ಗೇಣು ನೀರಲ್ಲಿ ಬದುಕಿ ಒದ್ದಾಡ್ತಾ ಇರೋದು ಒಂದೇ, ಕೊರಮೀನು. ಬೆಲೆ ಕೇಳಿದ್ರೆ ಕಾಟ್ಲಾಗಿಂತ ಎರಡರಷ್ಟಾದ್ರೂ ಹೇಳ್ತಾರೆ. ಆದ್ರೂ ಮನೇಲಿ ಬಸುರಿ ಇದ್ರೆ, ಜ್ವರ ಬಿಟ್ಟೆದ್ದೋರು ಇದ್ರೆ, ಊರಿಂದ ಅಳಿಯ ಬಂದಿದ್ರೆ ನಾವು ಹುಡುಕೋದು ಅದನ್ನೇ. ಅದಕ್ಕೇ ಈ ಸಲ ಕೊರಮೀನಿನ ವಿಷಯ ಬರೀತಾ ಇದೀನಿ. ಸಾರು ಮಾಡೋದೂ ಹೇಳ್ತೀನಿ, ಆದ್ರೆ ಅದಕ್ಕಿಂತ ಮುಂಚೆ ಒಂದು ಮಾತು ಹೇಳ್ಬೇಕು. ಅಕ್ಕ, ಅತ್ತಿಗೆ, ಸೊಸೆಯಂದ್ರು ಎಲ್ಲಾರೂ ಸ್ವಲ್ಪ ಕೂತು ಓದಿ.

ಈಗಿನ ಹುಡುಗೀರಿಗೆ ಕೊರಮೀನು ಯಾವುದು ಅಂತಾನೇ ಗುರುತು ಸಿಗಲ್ಲ. ತಲೆ ನೋಡಿದ್ರೆ ಹಾವಿನ ತಲೆ ಥರ ಚಪ್ಪಟೆ. ಮೈ ಉದ್ದಕ್ಕೆ ಉರುಟಾಗಿ, ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೈಮೇಲೆ ಹುರುಪೆ ಇರ್ತೈತೆ, ಮೀಸೆ ಇರಲ್ಲ. ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಮೀಸೆ ಇದ್ದು, ಹುರುಪೆ ಇಲ್ಲದೆ ಮೈ ನುಣ್ಣಗಿದ್ರೆ ಅದು ಕೊರಮೀನಲ್ಲ, ಆಫ್ರಿಕನ್ ಕ್ಯಾಟ್‌ಫಿಶ್ ಇರ್ಬೋದು. ಅದನ್ನ ಸಾಕೋದು ನಮ್ಮ ದೇಶದಲ್ಲಿ ನಿಷೇಧ, ಆದ್ರೂ ಕೆಲವರು ಕದ್ದು ಸಾಕಿ ಮಾರ್ತಾರೆ. ಅದೂ ಟಬ್ಬಲ್ಲಿ ಜೀವಂತ ಇರೋದ್ರಿಂದ ಗೊತ್ತಿಲ್ಲದೋರು ಕೊರಮೀನು ಅಂತ್ಲೇ ತಗೊಂಡು ಹೋಗ್ತಾರೆ.

ಕೊರಮೀನು ನೀರಿಂದ ಆಚೆ ಬಂದ್ರೂ ಬೇಗ ಸಾಯಲ್ಲ, ಯಾಕೆ ಗೊತ್ತಾ? ಅದು ನಮ್ಮ ಥರ ಗಾಳಿ ಕುಡೀತೈತೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳ್ಕೊಂಡು ಕೆಳಗೆ ಹೋಗ್ತೈತೆ. ಮೇಲೆ ಬರೋಕೆ ಬಿಡದೆ ನೀರೊಳಗೇ ತಡೆದು ಇಟ್ರೆ ಮೀನಾದ್ರೂ ಉಸಿರುಕಟ್ಟಿ ಸಾಯ್ತೈತೆ. ಕೆರೆ ಒಣಗ್ತಾ ಬಂದಾಗ ಕೆಸರೊಳಗೆ ಹೂತ್ಕೊಂಡು, ಮೈಮೇಲಿನ ಲೋಳೆ ಆರದಂಗೆ ನೋಡ್ಕೊಂಡು ಮಳೆಗೆ ಕಾಯ್ತೈತೆ. ಮಳೆ ರಾತ್ರೀಲಿ ಒದ್ದೆ ಗದ್ದೆ ಬದು ದಾಟಿ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ತೆವಳಿಕೊಂಡು ಹೋಗೋದೂ ಉಂಟು. ವರ್ಷ ಪೂರ್ತಿ ಹರಿಯೋ ಒಂದು ನದಿಯೂ ಇಲ್ಲದ ನಮ್ಮ ಸೀಮೆಗೆ ದೇವರು ಅಳತೆ ತಗೊಂಡು ಹೊಲಿದ ಮೀನು ಇದು.

ಹಿಡಿಯೋದೂ ಒಂದು ಕಥೆ. ಬಲೆಗೆ ಸುಲಭಕ್ಕೆ ಸಿಗಲ್ಲ. ಜೊಂಡು, ತಾವರೆ ಎಲೆ, ಮುಳುಗಿದ ಜಾಲಿ ಬುಡದಲ್ಲಿ ಅಲ್ಲಾಡದೆ ನಿಂತಿರ್ತೈತೆ. ಸಣ್ಣ ಮೀನೋ ಕಪ್ಪೆಯೋ ಹತ್ರ ಬಂದ್ರೆ ಒಂದೇ ನೆಗೆತ. ಅದಕ್ಕೇ ನಮ್ಮೂರ ಗಂಡಸರು ಗಾಳಕ್ಕೆ ಕಪ್ಪೆಮರಿ ಚುಚ್ಚಿ, ಜೊಂಡಿನ ಸಂದೀಲಿ ಮೆಲ್ಲಗೆ ಕುಣಿಸ್ತಾ ಕೂತ್ಕೊಳ್ತಾ ಇದ್ರು. ಮಾತಾಡಂಗಿಲ್ಲ, ಬೀಡಿ ಸೇದಂಗಿಲ್ಲ. ಮನೇಲಿ ಐದು ನಿಮಿಷ ಸುಮ್ನೆ ಕೂರದ ಮನುಷ್ಯರು ಅಲ್ಲಿ ಮೂರು ಗಂಟೆ ಮೂಕದೇವರಂಗೆ ಕೂತಿರ್ತಿದ್ರು!

ಇನ್ನೊಂದು ರೀತಿ ಐತೆ, ಅದು ನಮ್ಮಜ್ಜಿಗೆ ಆಗ್ತಿರ್ಲಿಲ್ಲ. ಮಳೆಗಾಲದಲ್ಲಿ ಕೊರಮೀನು ದಡದ ಹತ್ರ ಜೊಂಡು ಸರಿಸಿ ಗೂಡಿನಂಗೆ ಜಾಗ ಮಾಡ್ಕೊಂಡು ಮೊಟ್ಟೆ ಇಡ್ತೈತೆ. ಮೊಟ್ಟೆ ನೀರ ಮೇಲೆ ತೇಲ್ತಾವೆ. ಎರಡು ಮೂರು ದಿನಕ್ಕೆ ಮರಿ. ಮರಿಗಳು ಕೆಂಪಗೆ, ಅರಿಶಿನ ಕುಂಕುಮ ಕಲಸಿ ಚೆಲ್ಲಿದಂಗೆ ಗುಂಪಾಗಿ ನೀರ ಮೇಲೆ ಆಡ್ತಿರ್ತಾವೆ. ಆ ಗುಂಪಿನ ಕೆಳಗೆ ದೊಡ್ಡ ಮೀನು ಕಾವಲು ನಿಂತಿರ್ತೈತೆ. ಬರೀ ತಾಯಿ ಅಲ್ಲ, ಗಂಡು ಮೀನೂ ಕಾಯ್ತೈತೆ ಕಣಕ್ಕ, ನಮ್ಮ ಮನೆ ಗಂಡಸರಿಗೆ ಹೇಳ್ಬೇಕು ಇದನ್ನ. ಮರಿ ಗುಂಪಿನ ಮಧ್ಯ ಗಾಳ ಬಿಟ್ರೆ, ಹಸಿವಿಗಲ್ಲ, ಮರಿಗೆ ಏನೋ ಆಯ್ತು ಅನ್ನೋ ಸಿಟ್ಟಿಗೆ ಬಂದು ಕಚ್ಚಿಬಿಡ್ತೈತೆ. ಕೆರೇಲಿ ಕೊರಮೀನು ಹಿಡಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆಮೇಲೆ ಆ ಸಾವಿರ ಮರೀನೂ ಜಿಲೇಬಿ ಮೀನು, ಕೊಕ್ಕರೆ ತಿಂದು ಮುಗಿಸ್ತಾವೆ. ‘ಮರಿ ಕಾಯೋ ಮೀನು ನಮ್ಮ ಒಲೆ ಮೇಲೆ ಬೇಯಂಗಿಲ್ಲ’ ಅಂತ ಅಜ್ಜಿ ಖಡಾಖಂಡಿತ. ಗರತಿ ಗಂಗಮ್ಮ ಅಂತ ಪೂಜೆ ಮಾಡಿ ಅವಳ ಮಡಿಲಿಂದ ಬಾಣಂತೀನ ಎಳ್ಕೊಂಡು ಬರ್ತೀರಾ ಅಂತ ಬೈತಿದ್ರು. ಅಜ್ಜಿ ಓದಿದೋರಲ್ಲ. ಆದ್ರೆ ಮುಂದಿನ ವರ್ಷ ಕೆರೇಲಿ ಮೀನು ಇರ್ಬೇಕು ಅನ್ನೋ ಲೆಕ್ಕ ಅವರಿಗೆ ಗೊತ್ತಿತ್ತು.

ಕೆರೆ ಅಂದ್ರೆ ನಮ್ಮದು ಸಾಮಾನ್ಯ ಸೀಮೆ ಅಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಗೋಕೆ ಮುಂಚೆ, ಒಟ್ಟು ಕೋಲಾರ ಜಿಲ್ಲೇಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆ ಇದ್ವು. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮುಂದಿನದಕ್ಕೆ, ಹೀಗೆ ಸರಪಣಿ. ಮೀನೂ ಅದೇ ದಾರೀಲಿ ಊರಿಂದೂರಿಗೆ ಹೋಗ್ತಿತ್ತು. ಬೇತಮಂಗಲದ ಕೆರೆ ನೀರನ್ನ ಕೆಜಿಎಫ್ ಚಿನ್ನದ ಗಣಿಯೋರು ಪೈಪ್ ಹಾಕಿ ತಗೊಂಡು ಹೋಗಿ ಕುಡಿದವ್ರೆ. ಕೋಲಾರಮ್ಮನ ಕೆರೆ, ನರಸಾಪುರದ ಕೆರೆ, ಮುಳಬಾಗಿಲು ಕಡೆ ನಂಗಲಿ ಕೆರೆ, ಎಲ್ಲಾನೂ ಕೈಯಿಂದ ಮಣ್ಣು ಹೊತ್ತು ಕಟ್ಟಿದ್ದು. ತೂಬು ಎತ್ತೋಕೆ ನೀರಗಂಟಿ ಇದ್ದ, ಗದ್ದೆಗೆ ನೀರು, ದನಕ್ಕೆ ನೀರು, ನಮಗೆ ಮೀನು, ಏಡಿಕಾಯಿ.

ಆಮೇಲೆ ಮಳೆ ಕೈಕೊಡ್ತು, ರಾಜಕಾಲುವೆ ಮುಚ್ಚಿದ್ರು, ನೀಲಗಿರಿ ಹಾಕಿದ್ರು, ಬೋರ್‌ವೆಲ್ ಸಾವಿರ ಅಡಿ ದಾಟ್ತು. ಬಂದ ನೀರಲ್ಲೂ ಫ್ಲೋರೈಡು, ಮಕ್ಕಳ ಹಲ್ಲೆಲ್ಲ ಕಂದು. ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದ್ರು. ವರ್ಷಗಟ್ಟಲೆ ಒಣಗಿದ್ರೆ ಕೆಸರೊಳಗಿನ ಕೊರಮೀನಾದ್ರೂ ಎಷ್ಟು ದಿನ ಕಾದೀತು ಹೇಳಿ. ಆ ವರ್ಷಗಳಲ್ಲಿ ನಾವು ತಿಂದಿದ್ದು ಆಂಧ್ರದಿಂದ ಥರ್ಮಾಕೋಲ್ ಡಬ್ಬೀಲಿ ಐಸ್ ಹಾಕ್ಕೊಂಡು ಬರೋ ಮೀನು.

2018ರಲ್ಲಿ ಕೆಸಿ ವ್ಯಾಲಿ ನೀರು ಬಂತು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಅದು ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಚರಂಡಿ ನೀರು. ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ಪೈಪಲ್ಲಿ ಕಳಿಸಿ, ಒಟ್ಟು 126 ಕೆರೆ ತುಂಬ್ಸೋ ಯೋಜನೆ. ಮೊದಲು ಬಂದಿದ್ದು ಲಕ್ಷ್ಮೀಸಾಗರದ ಕೆರೆಗೆ. ಬಂದ ಸ್ವಲ್ಪ ದಿನಕ್ಕೇ ನೊರೆ ಎದ್ದು, ನೀರು ನಿಲ್ಸಿ, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯ್ತು. ಆಮೇಲೆ ಮತ್ತೆ ಬಿಟ್ರು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ನಮ್ಮ ಜಿಲ್ಲೆಯೋರು ಹೋರಾಟ ಮಾಡ್ತಾನೇ ಅವ್ರೆ. 2021ರ ನವೆಂಬರಲ್ಲಿ ಆಕಾಶವೇ ಹರಿದಂಗೆ ಮಳೆ ಬಂದು ಎಷ್ಟೋ ಕೆರೆ ಕೋಡಿ ಹೋದ್ವು. ಅರಿಶಿನ ಕುಂಕುಮ ಹಿಡ್ಕೊಂಡು ಹೋಗಿ ಬಾಗಿನ ಕೊಟ್ಟು ಬಂದ್ವಿ. ಕೋಡಿ ನೀರಲ್ಲಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಂತ ಹೆಂಗಸರ ಕಣ್ಣಲ್ಲಿ ನೀರಿತ್ತು.

ಕೆರೆ ತುಂಬಿದ್ದು ಸುಳ್ಳಲ್ಲ, ಬೋರ್‌ವೆಲ್ ಉಸಿರಾಡಿದ್ದೂ ಸುಳ್ಳಲ್ಲ. ಮೀನೂ ಬಂತು. ಆದ್ರೆ ಈಗ ನಮ್ಮಲ್ಲಿ ಎರಡು ಥರ ಕೆರೆ ಆದ್ವು. ಮಳೆ ನೀರಿನ ಕೆರೆ, ಪೈಪ್ ನೀರಿನ ಕೆರೆ. ಮೀನು ಮಾರೋ ಟಬ್ಬು ಮಾತ್ರ ಒಂದೇ. ನನ್ನ ಮಾತು ಇರೋದು ಇಲ್ಲೇ.

ಇದು ನನ್ನ ತಲೇಲಿ ಕೂತಿದ್ದು ನನ್ನ ತಂಗಿ ಮಗಳಿಂದ. ಅವಳು ಗಂಡನ ಜೊತೆ ಅಮೆರಿಕಾದ ಮಿನ್ನೆಸೋಟಾದಲ್ಲಿ ಅವಳೆ. ಆ ರಾಜ್ಯಕ್ಕೆ ‘ಹತ್ತು ಸಾವಿರ ಕೆರೆಗಳ ನಾಡು’ ಅಂತ್ಲೇ ಹೆಸರು. ನಮ್ಮದು ಜನ ಕಟ್ಟಿದ ಕೆರೆ, ಅವರದ್ದು ಹಿಂದೆ ಯಾವ ಕಾಲದಲ್ಲೋ ಹಿಮದ ಬೆಟ್ಟ ಸರಿದು ಕೊರೆದು ಹೋದ ಕೆರೆ, ಅಷ್ಟೇ ವ್ಯತ್ಯಾಸ. ಅಳಿಯಂದ್ರು ಆಫೀಸಿನ ಸ್ನೇಹಿತರ ಜೊತೆ ಗಾಳ ಹಾಕೋಕೆ ಹೋಗಿ, ಒಂದು ತೋಳುದ್ದ ಮೀನು ಹಿಡಿದು ಫೋಟೋ ಕಳಿಸಿದ್ರು. ನಾರ್ದರ್ನ್ ಪೈಕ್ ಅಂತೆ ಅದರ ಹೆಸರು. ಬಾತುಕೋಳಿ ಮೂತಿ, ಬಾಯಿ ತುಂಬಾ ಗರಗಸದ ಹಲ್ಲು, ಹಸಿರು ಮೈಮೇಲೆ ಬಿಳಿ ಚುಕ್ಕೆ. ಅದೂ ನಮ್ಮ ಕೊರಮೀನಂಗೇ ಜೊಂಡಿನಲ್ಲಿ ಅಲ್ಲಾಡದೆ ನಿಂತು ಬೇಟೆ ಆಡೋ ಜಾತಿ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಟ್ಟು ಕೂತ್ಕೊಳ್ತಾರಂತೆ. ಗಂಡಸರ ಹುಚ್ಚು ಎಲ್ಲಾ ದೇಶದಲ್ಲೂ ಒಂದೇ.

ಆದ್ರೆ ಪೈಕ್ ವಸಂತದಲ್ಲಿ ನೀರು ಹರಡಿದ ಹುಲ್ಲಿನ ಮೇಲೆ ಮೊಟ್ಟೆ ಚೆಲ್ಲಿ ಹೊರಟುಹೋಗ್ತೈತಂತೆ, ಮರಿ ಕಾಯಲ್ಲ. ಮಾಂಸದ ತುಂಬಾ ಕವಲು ಮುಳ್ಳು ಬೇರೆ. ಮರಿ ಕಾಯೋದ್ರಲ್ಲೂ, ನಡುಮುಳ್ಳು ಒಂದು ಬಿಡಿಸಿದ್ರೆ ಮಕ್ಕಳ ತಟ್ಟೆಗೆ ಧೈರ್ಯವಾಗಿ ಹಾಕೋದ್ರಲ್ಲೂ ನಮ್ಮ ಕೊರಮೀನೇ ಮೇಲು ಅಂತ ನಗಾಡಿದ್ವಿ.

ಅವಳು ಆಗ ಐದು ತಿಂಗಳ ಬಸುರಿ. ‘ಆ ಮೀನು ತಿಂದ್ಯೇನೇ?’ ಅಂತ ಕೇಳಿದೆ. ‘ಇಲ್ಲ ದೊಡ್ಡಮ್ಮ, ಡಾಕ್ಟರು ಬೇಡ ಅಂದ್ರು. ಇಲ್ಲಿ ಬಸುರೀರಿಗೂ ಚಿಕ್ಕ ಮಕ್ಕಳಿಗೂ ಅಂತ ಸರ್ಕಾರದೋರೇ ಪಟ್ಟಿ ಮಾಡವ್ರೆ. ದೊಡ್ಡ ಪೈಕ್, ಮೂವತ್ತು ಇಂಚಿಗಿಂತ ಉದ್ದದ್ದು, ತಿನ್ನಲೇಬೇಡಿ ಅಂತಾರೆ. ಸಣ್ಣದಾದ್ರೆ ತಿಂಗಳಿಗೆ ಒಂದ್ಸಲ ಸಾಕು ಅಂತಾರೆ’ ಅಂದ್ಲು. ಯಾಕೆ ಅಂದ್ರೆ ಪಾದರಸ. ಆಮೇಲೆ ಕೇಳಿದ್ಲು, ‘ಹೆರಿಗೆಗೆ ಊರಿಗೆ ಬರ್ತೀನಲ್ಲ ದೊಡ್ಡಮ್ಮ, ನೀನು ಕೊರಮೀನು ಸಾರು ಮಾಡ್ತೀನಿ ಅಂತಿದ್ಯಲ್ಲ, ಅದು ಯಾವ ಕೆರೇದು?’

ಅವಳು ಕೇಳಿದ್ದು ಸುಮ್ನೆ. ನನಗೆ ಮಾತ್ರ ರಾತ್ರಿ ನಿದ್ದೆ ಹತ್ಲಿಲ್ಲ.

ಲೆಕ್ಕ ಹೀಗೈತೆ ನೋಡಿ. ಕಲ್ಲಿದ್ದಲು ಉರಿಸಿದ ಹೊಗೆಯಿಂದಲೋ ಕಾರ್ಖಾನೆಯಿಂದಲೋ ಸ್ವಲ್ಪ ಪಾದರಸ ನೀರಿಗೆ ಬೀಳ್ತೈತೆ. ಕೆರೆ ತಳದ ಕೆಸರಲ್ಲಿ ಸೂಕ್ಷ್ಮ ಜೀವಿಗಳು ಅದನ್ನ ಮೈಗೆ ಹತ್ತೋ ಥರ ಮಾಡ್ತಾವೆ. ಹುಳ ಸ್ವಲ್ಪ ತಿಂತೈತೆ, ಆ ಹುಳಾನ ನೂರಾರು ತಿಂದ ಸಣ್ಣ ಮೀನಲ್ಲಿ ಜಾಸ್ತಿ ಸೇರ್ತೈತೆ, ಆ ಸಣ್ಣ ಮೀನು ನೂರಾರು ತಿಂದ ದೊಡ್ಡ ಮೀನಲ್ಲಿ ಇನ್ನೂ ಜಾಸ್ತಿ. ಮೀನು ತಿಂದು ಬದುಕೋ ಮೀನು, ಅದರಲ್ಲೂ ವಯಸ್ಸಾದ ಮೀನು, ಕೆರೇಲಿ ಏನೈತೋ ಅದನ್ನೆಲ್ಲ ಗಂಟು ಕಟ್ಕೊಂಡು ಓಡಾಡ್ತೈತೆ. ಹುಳಿ ಹಾಕಿ ಕುದಿಸಿದ್ರೂ ಹೋಗಲ್ಲ, ಎಣ್ಣೇಲಿ ಕರಿದ್ರೂ ಹೋಗಲ್ಲ, ಮಾಂಸದೊಳಗೇ ಸೇರಿರ್ತೈತೆ. ಜಪಾನಿನ ಮಿನಾಮಾತಾ ಅನ್ನೋ ಊರಲ್ಲಿ ಕಾರ್ಖಾನೆ ಪಾದರಸ ಸಮುದ್ರಕ್ಕೆ ಬಿಟ್ಟು, 1956ರಲ್ಲಿ ಕಾಯಿಲೆ ಬೆಳಕಿಗೆ ಬಂತು. ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂಗೆ ಕುಣಿದು ಸತ್ವು. ಅಷ್ಟೇನೂ ತೊಂದರೆ ಕಾಣದ ತಾಯಂದ್ರ ಹೊಟ್ಟೇಲೂ ಮಕ್ಕಳು ಕಾಯಿಲೆ ಹೊತ್ತು ಹುಟ್ಟಿದ್ವು. ತಾಯಿ ತಿಂದಿದ್ದು ಮಗೂಗೆ ಹೋಗ್ತೈತೆ ಅನ್ನೋದಕ್ಕೆ ಇನ್ನೇನು ಬೇಕು.

ನಮ್ಮ ಕೆರೆ ಮೀನೆಲ್ಲ ವಿಷ ಅಂತ ನಾನು ಹೇಳ್ತಾ ಇಲ್ಲ. ಹಂಗೆ ಹೇಳಿ ಮೀನು ಹಿಡಿಯೋರ ಹೊಟ್ಟೆ ಮೇಲೆ ಹೊಡೆಯೋಳೂ ಅಲ್ಲ. ಅವರೂ ಹರಾಜಲ್ಲಿ ದುಡ್ಡು ಕಟ್ಟಿ, ಮರಿ ತಂದು ಬಿಟ್ಟು, ರಾತ್ರಿ ಕಾವಲು ಕಾದು ಹಿಡೀತಾರೆ. ನಾನು ಹೇಳೋದು ಇಷ್ಟೆ. ಅಲ್ಲಿ ಕೆರೆಗಳ ಮೀನು ಪರೀಕ್ಷೆ ಮಾಡಿ, ಯಾವ ಮೀನು ಎಷ್ಟು ಉದ್ದದ್ದು ಯಾರು ತಿನ್ಬೋದು ಅಂತ ಬಸುರಿ ಹೆಂಗಸಿನ ಕೈಗೆ ಪಟ್ಟಿ ಕೊಡ್ತಾರೆ. ನಾನು ಹೋದ ಯಾವ ಏರಿ ಮೇಲೂ ಅಂಥ ಒಂದು ಬೋರ್ಡು ನೋಡಿಲ್ಲ. ಬೋರ್ಡು ಬರೋವರೆಗೂ ಒಲೆ ಮುಂದೆ ನಿಂತಿರೋ ನಾವೇ ಬೋರ್ಡು.

ಅದಕ್ಕೇ ನಮ್ಮ ಮನೇಲಿ ಹೀಗೆ ಮಾಡ್ಕೊಂಡಿದೀವಿ.

ಟಬ್ಬಿನ ಮುಂದೆ ನಿಂತು ಬೆಲೆ ಕೇಳೋಕೆ ಮುಂಚೆ ‘ಯಾವ ಕೆರೇದು ಅಣ್ಣಾ?’ ಅಂತ ಕೇಳ್ತೀನಿ. ಊರ ಹೆಸರು ಹೇಳಿದ್ರೆ ಮಳೆ ನೀರಿಂದೋ ಪೈಪ್ ನೀರಿಂದೋ ನಮಗೇ ಗೊತ್ತಾಗ್ತೈತೆ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳಿಗೆ ಮಳೆ ನೀರಿನ ಕೆರೆ ಮೀನು ಮಾತ್ರ. ನೊರೆ ಕಟ್ಟೋ, ವಾಸನೆ ಬರೋ, ಮೀನು ಸತ್ತು ತೇಲೋ ಕೆರೇದು ಯಾರಿಗೂ ಬೇಡ.

ಎರಡು ಮೂರು ಕೆಜಿ ತೂಗೋ ಕೊರಮೀನು ನೋಡಿ ಆಸೆ ಪಡಲ್ಲ. ಅದು ಹಳೇ ಮೀನು. ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿದು ಸಾಕು, ರುಚಿಯೂ ಅದೇ ಜಾಸ್ತಿ. ಬಸುರಿಗೆ ವಾರ ವಾರ ಅದನ್ನೇ ಹಾಕಲ್ಲ. ಮಧ್ಯ ಮಧ್ಯ ರೋಹು, ಸಣ್ಣ ಮೀನು ಮಾಡ್ತೀನಿ. ಹುಲ್ಲು, ಪಾಚಿ, ಹುಳ ತಿನ್ನೋ ಮೀನಲ್ಲಿ ಗಂಟು ಕಡಿಮೆ.

ಕರುಳು, ಪಿತ್ತಕೋಶ, ಈಲಿ, ಕಿವಿರು ಪೂರ್ತಿ ತೆಗೆದು ಬಿಸಾಕ್ತೀನಿ. ಸೀಸದಂಥ ಲೋಹಗಳು ಮಾಂಸಕ್ಕಿಂತ ಅಲ್ಲೇ ಜಾಸ್ತಿ ಸೇರೋದು.

ಆಮೇಲೆ ಅಜ್ಜಿ ಮಾತು. ಮಳೆಗಾಲದಲ್ಲಿ ಮರಿ ಗುಂಪಿನಿಂದ ಹಿಡಿದಿದ್ದು ಅಂತ ಗೊತ್ತಾದ್ರೆ ತಗೊಳ್ಳಲ್ಲ. ಮಿನ್ನೆಸೋಟಾದಲ್ಲೂ 2018ರಿಂದ ಕೆಲವು ಭಾಗದಲ್ಲಿ 22ರಿಂದ 26 ಇಂಚಿನ ಪೈಕ್ ಸಿಕ್ರೆ ವಾಪಸ್ ನೀರಿಗೆ ಬಿಡ್ಬೇಕು ಅಂತ ಕಾನೂನು ಮಾಡವ್ರಂತೆ, ಮೀನು ಬೆಳೆದು ದೊಡ್ಡದಾಗ್ಲಿ ಅಂತ. ಅವರು ಅಳತೆ ಪಟ್ಟಿ ಇಟ್ಟು ಹೇಳಿದ್ದನ್ನ ನಮ್ಮಜ್ಜಿ ಬೈದು ಹೇಳಿದ್ರು.

ಸರಿ, ಈಗ ಸಾರು.

ಕೊರಮೀನು ಜಾರೋ ಮೀನು, ಕೈಗೆ ನಿಲ್ಲಲ್ಲ. ಪಾತ್ರೆಗೆ ಹಾಕಿ ಒಂದು ಹಿಡಿ ಕಲ್ಲುಪ್ಪು ಎರಚಿ ಭಾರದ ಮುಚ್ಚಳ ಇಡಿ, ಇಲ್ಲಾಂದ್ರೆ ಎಗರಿ ಅಡುಗೆಮನೆ ಎಲ್ಲಾ ಸುತ್ತುತ್ತೆ. ಅಲ್ಲಾಡೋದು ನಿಂತ ಮೇಲೆ ಒಲೆ ಬೂದಿ ಹಾಕಿ ಒರಟು ಕಲ್ಲಿನ ಮೇಲೆ ಉಜ್ಜಿ. ಲೋಳೆ, ಹುರುಪೆ ಎರಡೂ ಹೋಗ್ತಾವೆ. ಗ್ಯಾಸ್ ಒಲೆಯೋರು ಬೂದಿ ಇಲ್ಲಾಂದ್ರೆ ಕಲ್ಲುಪ್ಪು, ರಾಗಿ ಹಿಟ್ಟು ಹಾಕಿ ಉಜ್ಜಿ. ತುಂಡು ಮಾಡಿ, ಅರಿಶಿನ, ಉಪ್ಪು, ಸ್ವಲ್ಪ ಮಜ್ಜಿಗೆ ಹಾಕಿ ಹತ್ತು ನಿಮಿಷ ಇಟ್ಟು ತೊಳೆದ್ರೆ ಕೆಸರು ವಾಸನೆ ಹೋಗ್ತೈತೆ.

ಎರಡು ಈರುಳ್ಳಿ ಕೆಂಡದಲ್ಲಿ ಸುಟ್ಟು, ಒಂದು ಗಡ್ಡೆ ಬೆಳ್ಳುಳ್ಳಿ, ಧನಿಯಾ, ಒಣಮೆಣಸಿನಕಾಯಿ, ಮೆಣಸು, ಜೀರಿಗೆ ಹುರಿದು, ಸ್ವಲ್ಪ ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ. ಮೆಂತ್ಯ ನಾಲ್ಕೇ ಕಾಳು, ಜಾಸ್ತಿ ಆದ್ರೆ ಕಹಿ. ಮಣ್ಣಿನ ಮಡಕೇಲಿ ಕಡ್ಲೇಕಾಯಿ ಎಣ್ಣೆ, ಸಾಸಿವೆ, ಕರಿಬೇವು ಒಗ್ಗರಣೆ ಕೊಟ್ಟು ಮಸಾಲೆ ಹಸಿ ವಾಸನೆ ಹೋಗೋವರೆಗೂ ಬಾಡಿಸಿ, ಹುಣಸೆ ಹುಳಿ ಬಿಡಿ. ಮಾವಿನ ಕಾಲದಲ್ಲಿ ಹುಣಸೆ ಅರ್ಧ ಮಾಡಿ ಶ್ರೀನಿವಾಸಪುರದ ತೋತಾಪುರಿ ಕಾಯಿ ನಾಲ್ಕು ಹೋಳು ಹಾಕಿ ನೋಡಿ, ಆಮೇಲೆ ಬೇರೆ ಥರ ಮಾಡಲ್ಲ ನೀವು. ಮುಳಬಾಗಿಲು ಕಡೆ ತೆಲುಗು ಮನೆಯೋರು ಇದನ್ನೇ ಪುಲುಸು ಅಂತಾರೆ, ಅವರದ್ದು ಹುಳಿ ಒಂದು ಕೈ ಜಾಸ್ತಿ. ಸಾರು ಚೆನ್ನಾಗಿ ಕುದಿದ ಮೇಲೆ ಮೀನು ಹಾಕಿ, ಸೌಟು ಹಾಕಬೇಡಿ, ಬಟ್ಟೆ ಹಿಡ್ಕೊಂಡು ಮಡಕೆ ಅಲ್ಲಾಡಿಸಿ. ಹತ್ತು ಹನ್ನೆರಡು ನಿಮಿಷ ಸಾಕು. ಬಿಸಿ ರಾಗಿಮುದ್ದೆ ಜೊತೆ ಇವತ್ತು ಒಂದು ರುಚಿ, ನಾಳೆ ಬೆಳಿಗ್ಗೆ ಇನ್ನೊಂದು ರುಚಿ.

ತಂಗಿ ಮಗಳು ಏಳು ತಿಂಗಳಿಗೆ ಬಂದ್ಲು. ಮಾಲೂರು ಕಡೆ ನಮ್ಮ ನಾದಿನಿ ಊರಿನ ಮಳೆ ನೀರಿನ ಸಣ್ಣ ಕೆರೆಯಿಂದ ಅರ್ಧ ಕೆಜಿ ಮೀನು ತರಿಸಿ ಒಂದ್ಸಲ ಮಾಡಿಕೊಟ್ಟೆ. ಇನ್ನೊಂದ್ಸಲ ಕೇಳಿದ್ಲು, ಹೆರಿಗೆ ಆಗ್ಲಿ ಅಂದೆ. ಹೆಣ್ಣು ಮಗು, ತಾಯಿ ಮಗು ಸುಖವಾಗವ್ರೆ.

ಮುಂದಿನ ಗ್ರಾಮಸಭೇಲಿ ಕೆರೆ ಮೀನು ಹರಾಜಿನ ಮಾತು ಬಂದಾಗ ನಾವು ನಾಲ್ಕು ಜನ ಹೆಂಗಸರು ಎದ್ದು ನಿಂತು, ‘ಮೀನು ಹರಾಜು ಹಾಕಿ, ಬೇಡ ಅನ್ನಲ್ಲ, ಆದ್ರೆ ವರ್ಷಕ್ಕೆ ಒಂದ್ಸಲ ಕೆರೆ ನೀರು, ಮೀನು ಎರಡೂ ಪರೀಕ್ಷೆಗೆ ಕಳಿಸಿ, ಬಂದ ಚೀಟೀನ ಪಂಚಾಯ್ತಿ ಗೋಡೆಗೆ ಅಂಟಿಸಿ’ ಅಂತ ಕೇಳೋದು ಅಂತ ಮಾತಾಡ್ಕೊಂಡಿದೀವಿ. ನಿಮ್ಮ ನಿಮ್ಮ ಊರಲ್ಲೂ ಕೇಳಿ. ಒಬ್ಬಳೇ ಕೇಳಿದ್ರೆ ನಗ್ತಾರೆ, ನಾಲ್ಕು ಜನ ಕೇಳಿದ್ರೆ ಬರ್ಕೊಳ್ತಾರೆ. ಅಲ್ಲೀವರೆಗೂ ಟಬ್ಬಿನ ಮುಂದೆ ಆ ಒಂದು ಪ್ರಶ್ನೆ ಮರೀಬೇಡಿ.